ಮೂಲೆಯ ನೀಲಿ ಕಲೆ

ಕುದೇರಿನ ತನ್ನ ಮನೆಯ ಜಗಲಿಯಲ್ಲಿ ಕೂತ ದೊಡ್ಡಮಾದಮ್ಮ, ಶಿವರಂಜಿನಿ ತಂದಿದ್ದ ಫೋಟೋದ ಮೂಲೆಯಲ್ಲಿದ್ದ ನೀಲಿ ಕಲೆಯ ಪಕ್ಕಕ್ಕೆ ಹೆಬ್ಬೆರಳು ಹಿಡಿದಳು. ಕುಡುಗೋಲು ಕೊಯ್ದ ಅಡ್ಡಗೀರು ಬೆರಳಲ್ಲೂ ಇತ್ತು, ಕಲೆಯಲ್ಲೂ ಇತ್ತು.

"ನಂದೇ ಕಣವ್ವ. ಈ ಗಿಡವ ಬೆಟ್ಟದಲ್ಲಿ ಮೊದ್ಲು ಕಂಡೋಳು ನಾನು. ಕಂಡೋರು ಎಬ್ಬೆಟ್ಟು ಒತ್ಬೇಕು, ಬುಕ್ಕಲ್ಲಿ ಎಸ್ರು ಬತ್ತದೆ ಅಂತ ಡಾಕ್ಟ್ರಮ್ಮ ಒತ್ತುಸ್ಕೊಂಡ್ರು. ಬಂದದಾ?"

ಯಾರೂ ನೆನೆಯದ ಆ ಡಾಕ್ಟ್ರಮ್ಮನ, ಸಸ್ಯವಿಜ್ಞಾನಿ ವಾಗ್ದೇವಿಯ, ಜೀವನಚರಿತ್ರೆಯನ್ನು ಶಿವರಂಜಿನಿ ಬರೆದು ಮುಗಿಸಿದ್ದಳು. ವಾಗ್ದೇವಿ ಒಣಗಿದ ಗಿಡ ಅಂಟಿಸಿಟ್ಟಿದ್ದ ಹಾಳೆಯ ಈ ಫೋಟೋವೇ ಮುಖಪುಟ. ವಾಗ್ದೇವಿಯ ಹೆಸರನ್ನು ಗಂಡಸರು ಅಳಿಸಿಹಾಕಿದರೆಂದು ಮುನ್ನುಡಿಯಲ್ಲಿ ಬೆಂಕಿ ಕಾರಿದ್ದಳು. ಬೆಟ್ಟ ಸುತ್ತಿ ಈ ಗಿಡವನ್ನು ವಾಗ್ದೇವಿಯೊಬ್ಬಳೇ ಹುಡುಕಿದ್ದೆಂದು ಇಡೀ ಒಂದು ಅಧ್ಯಾಯವನ್ನೇ ಬರೆದಿದ್ದಳು.

"ಬರುತ್ತೆ ಅಜ್ಜಿ" ಎಂದಳು.

"ಬರೀ ಮಾದಮ್ಮ ಅಂದ್ರೆ ಊರಲ್ಲಿ ಬೇಕಾದಷ್ಟು ಜನ ಅವ್ರೆ. ದೊಡ್ಡಮಾದಮ್ಮ ಅಂತ್ಲೇ ಬರಿಯವ್ವ." ಮುದುಕಿ ಫೋಟೋವನ್ನು ಸೆರಗಿನಿಂದ ಒರೆಸಿ, ಎರಡೂ ಕೈಯಲ್ಲಿ ಹಿಡಿದು ಕೊಟ್ಟಳು.

ಬಸ್ಸಿನಲ್ಲಿ ಸೀಟು ಸಿಕ್ಕಿದ ಕೂಡಲೇ ಶಿವರಂಜಿನಿ ಪೆನ್ನು ತೆಗೆದಳು. ಫೋಟೋದ ಬೆನ್ನಿಗೆ, ಪ್ರೆಸ್ಸಿನವರಿಗೆಂದು, ದುಂಡಗಿನ ಅಕ್ಷರದಲ್ಲಿ ಬರೆದಳು: "ಮುಖಪುಟಕ್ಕೆ. ಮೂಲೆಯಲ್ಲಿರುವ ಕಲೆ ತೆಗೆದು ಅಚ್ಚು ಹಾಕಿ."