ಮುಂದಿನ ಆದೇಶದವರೆಗೆ ಆಕಾಶ ಮುಚ್ಚಿದೆ

"ನನ್ನ ಬೆನ್ನಿಗೆ ಚೂರಿ ಹಾಕೋಕೆ ನನ್ನ ಮಗಳೇ ಬೇಕಿತ್ತಾ?"

ಮಗಳ ಕಚೇರಿಯ ಮುಂದೆ ಕಾರು ಇನ್ನೂ ನಿಂತಿರಲಿಲ್ಲ, ಕ್ಯಾಪ್ಟನ್ ಆಗಲೇ ಬಾಗಿಲು ತೆರೆದಿದ್ದರು.

"ರೀ, ನಿಲ್ಸೋ ತನಕನಾದ್ರೂ ತಾಳ್ಕೊಳ್ಳಿ," ಎಂದಳು ಕಾರು ಓಡಿಸುತ್ತಿದ್ದ ಹೆಂಡತಿ. "ಇಲ್ಲಿಗೆ ಬರೋದೇ ಬೇಡ ಅಂತ ಬಡ್ಕೊಂಡೆ."

"ಬಡ್ಕೊಳ್ತೀಯ, ಬಡ್ಕೊಳ್ತೀಯ. ಮಗಳ ಪರ ತಾನೇ ನೀನು!"

ಕ್ಯಾಪ್ಟನ್ನರ ಜೇಬಿನಲ್ಲಿ ನಾಲ್ಕಾಗಿ ಮಡಚಿದ ಕಾಗದವಿತ್ತು. ನಿನ್ನೆಯ ಅಂಚೆಯಲ್ಲಿ ಬಂದದ್ದು. ಹೆಂಡತಿ ಅದನ್ನು ಊಟದ ಮೇಜಿನ ಮುಂದೆ ನಿಂತು ಓದಿದ್ದಳು, ಇವರು ಸಾಲುಸಾಲಾಗಿ ಒಪ್ಪಿಸಿದ್ದರು. ವಿಮಾನ ಹಾರಿಸುವವರ ಪದ್ಧತಿಯೇ ಅದು. ಒಬ್ಬರು ಓದಬೇಕು, ಇನ್ನೊಬ್ಬರು ಅಕ್ಷರ ಬಿಡದೆ ಮರುನುಡಿಯಬೇಕು. ಆಗ ತಪ್ಪು ನುಸುಳುವುದಿಲ್ಲ. ಕೆಲಸದಿಂದ ನಿವೃತ್ತರಾದ ಮೇಲೆ ಕ್ಯಾಪ್ಟನ್ ಆ ಪದ್ಧತಿಯನ್ನು ಮನೆಗೂ ತಂದಿದ್ದರು. ಕರೆಂಟ್ ಬಿಲ್ಲಿಗೂ ಅದೇ, ಪೇಪರಿನ ಸುದ್ದಿಗೂ ಅದೇ. ಎರಡು ವರ್ಷದಿಂದ ಅವರ ಹಳದಿ ವಿಮಾನದ ಬಲಗಡೆ ಸೀಟಿನಲ್ಲೂ ಅವಳೇ. "ಒಂಬೈನೂರು ಅಡಿ. ಸ್ವಲ್ಪ ಎಡಕ್ಕೆ. ಈಗ ನೇರ," ಎಂದು ಅವಳು ಓದುತ್ತಿದ್ದಳು, ಇವರು ಒಪ್ಪಿಸುತ್ತ ಹಾರಿಸುತ್ತಿದ್ದರು. ಈ ವಯಸ್ಸಿನಲ್ಲಿ ಇದೆಂಥ ಸರಸ ಎಂದು ನೆರೆಯವರು ನಗುತ್ತಿದ್ದರು. ನಗಲಿ ಬಿಡಿ. ಹಾರಾಟ ಬಿಟ್ಟರೆ ಕ್ಯಾಪ್ಟನ್ನರಿಗೆ ಇನ್ನೊಂದು ಬದುಕೇ ಗೊತ್ತಿರಲಿಲ್ಲ.

ಆದೇಶ ಅವರಿಗೆ ಈಗ ಬಾಯಿಪಾಠ. ವಿಮಾನ ಪ್ರದರ್ಶನದ ನಿಮಿತ್ತ, ಸಾರ್ವಜನಿಕರ ಸುರಕ್ಷತೆಗಾಗಿ, ಕೆರೆಯ ಸುತ್ತ ಹನ್ನೆರಡು ಕಿಲೋಮೀಟರ್ ವೃತ್ತದೊಳಗೆ ಬೇರೆ ಯಾವ ವಿಮಾನವೂ ಹಾರತಕ್ಕದ್ದಲ್ಲ. ಪ್ರತಿ ವರ್ಷವೂ ಇದು ಇದ್ದದ್ದೇ. ಆದರೆ ಪ್ರತಿ ವರ್ಷ ವೃತ್ತದ ಗೆರೆ ಅವರ ಸ್ವಂತ ಹುಲ್ಲಿನ ರನ್‌ವೇಯ ಹತ್ತಿರ ಬಂದು ನಿಲ್ಲುತ್ತಿತ್ತು, ಒಳಕ್ಕೆ ಎಳೆದುಕೊಳ್ಳುತ್ತಿರಲಿಲ್ಲ. ಊರೆಲ್ಲ ಕೆರೆಯ ಕಡೆ ಕತ್ತೆತ್ತಿ ನಿಂತಾಗ ಇವರು ಹೊರಗಿಂದ ಹೊರಗೇ ಒಂದು ಸುತ್ತು ಹೊಡೆದು ಇಳಿಯುತ್ತಿದ್ದರು. ಈ ಸಲ ರನ್‌ವೇ ವೃತ್ತದ ಹೊಟ್ಟೆಯೊಳಗೆ. ಕೆಳಗೆ ಹಾರಾಟ ನಿರ್ಬಂಧ ವಿಭಾಗದ ಅಧಿಕಾರಿಯ ಸಹಿ. ಅಂದರೆ ಮಗಳದ್ದು.

ಹೆಂಡತಿಯ ಹಿಂದೆಯೇ ಮೆಟ್ಟಿಲು ಹತ್ತುತ್ತ ಕ್ಯಾಪ್ಟನ್ ಗೊಣಗಿದರು. ಹೋದ ತಿಂಗಳು ಲೈಸೆನ್ಸಿನ ವೈದ್ಯಕೀಯ ತಪಾಸಣೆಗೆ ಹೋಗಿ, ಅಕ್ಷರದ ಹಲಗೆಯನ್ನು ಗಡಗಡನೆ ಒಪ್ಪಿಸಿ, ಆಮೇಲೆ ಅದ್ಯಾವುದೋ ಹೊಸ ಯಂತ್ರದ ಮುಂದೆ ಅರ್ಧ ಗಂಟೆ ಗದ್ದ ಊರಿ ಕೂತು ಬಂದಿದ್ದರು. ಆ ಫಲಿತಾಂಶ ಇವತ್ತೋ ನಾಳೆಯೋ ಬರಬೇಕಿತ್ತು. ಬಂದರೂ ಏನು ಭಾಗ್ಯ? ಆಕಾಶಕ್ಕೇ ಬೀಗ ಬಿದ್ದಿದೆ.

ಮೂರನೆಯ ಮಹಡಿ. ಬಾಗಿಲಲ್ಲಿ ಅಡ್ಡ ಇದ್ದ ಕುರ್ಚಿಗೆ ಎಡವಿ, ಇದೇನು ಕಚೇರಿಯೋ ಗುಜರಿ ಅಂಗಡಿಯೋ ಎಂದು ಬೈದುಕೊಂಡೇ ಅವರು ಒಳಹೊಕ್ಕರು. ಮಗಳು ಫೋನಿನಲ್ಲಿದ್ದಳು.

"ಅರ್ಧ ನಿಮಿಷಾನೂ ಆಗಲ್ಲ ಸಾರ್. ಪ್ರದರ್ಶನದ ವಿಮಾನ ತಲೆಕೆಳಗಾಗಿ ಬರ್ತಿರುತ್ತೆ, ಅಡ್ಡ ಬಂದವರು ಅವರಿಗೆ ಕಾಣಿಸೋದೇ ಇಲ್ಲ. ಕೆಳಗೆ ಮಕ್ಕಳು ಮರಿ ನಿಂತಿರ್ತಾರೆ. ಆಗಲ್ಲ ಅಂದ್ರೆ ಆಗಲ್ಲ."

ಈ ಮಾತನ್ನು ಅವಳಿಗೆ ಕಲಿಸಿದವರೇ ಕ್ಯಾಪ್ಟನ್. ಹದಿನೇಳಕ್ಕೆ ಅವಳ ಕೈಗೆ ವಿಮಾನ ಕೊಟ್ಟವರೂ ಅವರೇ.

"ಅರೆ, ಅಪ್ಪ! ಅಮ್ಮನೂ ಬಂದಿದ್ದೀರ! ಕೂತ್ಕೊಳ್ಳಿ."

"ಕೂರೋಕೆ ಬಂದಿಲ್ಲ. ಗೋಡೆ ಮೇಲೆ ನಕ್ಷೆ ಬೇರೆ ನೇತು ಹಾಕಿರ್ತೀಯಲ್ಲ, ನನ್ನ ರನ್‌ವೇ ನುಂಗಿ ನೀರು ಕುಡಿದಿದ್ದು ಎಲ್ಲರಿಗೂ ಕಾಣ್ಲಿ ಅಂತಾನಾ?"

"ನಾನ್ಯಾಕಪ್ಪ ನುಂಗಲಿ? ಇಲ್ಲಿ ನೋಡಿ, ನಿಮ್ಮ ರನ್‌ವೇ..."

"ಬಾಯಿ ಮುಚ್ಚು! ಪ್ರದರ್ಶನ ಎರಡು ದಿನ. ಹನ್ನೆರಡು ಕಿಲೋಮೀಟರ್ ಆಕಾಶ ಮಾತ್ರ ಮುಂದಿನ ಆದೇಶದವರೆಗೆ ಬಂದ್! ಎಲ್ಲಾದ್ರೂ ಉಂಟಾ ಇದು? ಅಪ್ಪನಿಗೆ ವಯಸ್ಸಾಯ್ತು, ಮೂಲೇಲಿ ಕೂರ್ಲಿ ಅಂತ ನೇರವಾಗಿ ಹೇಳೋಕೆ ಧೈರ್ಯ ಇರ್ಲಿಲ್ವಾ?"

ಅವರು ಕಾಗದವನ್ನು ಮೇಜಿನ ಮೇಲೆ ಬಡಿದರು. ಮಡಿಕೆ ಬಿಚ್ಚಿದ ಸದ್ದಾಯಿತು. ಆಮೇಲೆ ಬಹಳ ಹೊತ್ತು ಏನೂ ಕೇಳಿಸಲಿಲ್ಲ. ಸಿಕ್ಕಿಬಿದ್ದಳು, ಅಂದುಕೊಂಡರು ಕ್ಯಾಪ್ಟನ್.

"ಓದು. ಜೋರಾಗಿ ಓದು. ನಾನು ಒಪ್ಪಿಸ್ತೀನಿ."

"ಅಪ್ಪ..."

"ಓದಮ್ಮ," ಹಿಂದಿನಿಂದ ಹೆಂಡತಿ ಅಂದಳು. "ನಾನು ಓದಿದ ಹಾಗೇ ಓದು."

ಮಗಳು ಗಂಟಲು ಸರಿಮಾಡಿಕೊಂಡಳು. "ವಿಮಾನ ಪ್ರದರ್ಶನದ ನಿಮಿತ್ತ, ಸಾರ್ವಜನಿಕರ ಸುರಕ್ಷತೆಗಾಗಿ..."

"ಸಾರ್ವಜನಿಕರ ಸುರಕ್ಷತೆಗಾಗಿ," ಎಂದರು ಕ್ಯಾಪ್ಟನ್.

"ಹನ್ನೆರಡು ಕಿಲೋಮೀಟರ್ ವೃತ್ತದೊಳಗೆ ಬೇರೆ ಯಾವ ವಿಮಾನವೂ ಹಾರತಕ್ಕದ್ದಲ್ಲ. ಮುಂದಿನ ಆದೇಶದವರೆಗೆ."

"ಮುಂದಿನ ಆದೇಶದವರೆಗೆ. ಸಹಿ ಯಾರದ್ದು?"

ಅವಳು ತಡವರಿಸಿದಳು. "ನಂದೇ, ಅಪ್ಪ."

ಇಷ್ಟು ಹೊತ್ತೂ ಒಂದು ಆಸೆ ಇತ್ತು. ತಪ್ಪಾಗಿರಬಹುದು, ಯಾರೋ ಮೇಲಿನವರು ಬಲವಂತ ಮಾಡಿರಬಹುದು ಎಂದು. ಅದೂ ಹೋಯಿತು. ಕ್ಯಾಪ್ಟನ್ನರಿಗೆ ಅಳು ಬಂತು. ಮಗಳ ಮುಂದೆ ಅಳಬಾರದೆಂದು ಹಲ್ಲು ಕಚ್ಚಿದರು.

"ನಿಂಗೆ ರೆಕ್ಕೆ ಕೊಟ್ಟೋನು ನಾನು. ನನ್ನ ರೆಕ್ಕೆನೇ ಕತ್ತರಿಸಿದೆ. ಇವತ್ತಿಗೆ ಮುಗೀತು. ಮನೆ ಕಡೆ ತಲೆ ಹಾಕ್ಬೇಡ."

"ಆಯ್ತಪ್ಪ," ಎಂದಳು ಮಗಳು.

ಹೆಂಡತಿಯ ಭುಜದ ಮೇಲೆ ಕೈಯಿಟ್ಟು ಕ್ಯಾಪ್ಟನ್ ಹೊರನಡೆದರು. ಅವರ ಹೆಜ್ಜೆಸದ್ದು ಮೆಟ್ಟಿಲಿಳಿದು ಹೋಗುವವರೆಗೂ ಕಾದು, ಮಗಳು ಕಾಗದವನ್ನು ಮತ್ತೊಮ್ಮೆ ಓದಿದಳು, ಈ ಸಲ ಅದರಲ್ಲಿ ಬರೆದದ್ದನ್ನೇ.

"ಎರಡೂ ಕಣ್ಣುಗಳ ನಡುಭಾಗದ ದೃಷ್ಟಿ ಪೂರ್ತಿ ಹೋಗಿದ್ದು, ಮರಳುವ ಸಾಧ್ಯತೆ ಇಲ್ಲವಾದ ಕಾರಣ, ತಮ್ಮ ವಿಮಾನ ಚಾಲನೆಯ ಪರವಾನಗಿಯನ್ನು ಇಂದಿನಿಂದ ರದ್ದುಪಡಿಸಲಾಗಿದೆ."