ಅಪ್ಪನ ಸ್ವೆಟರ್

"ಮನೇಲಿ ಸಿಗರೇಟು ಸೇದೋರು ಯಾರಮ್ಮ? ಮಗು ಮೂತ್ರದಲ್ಲಿ ನಿಕೋಟಿನ್ ಇದೆ," ಎಂದರು ಡಾಕ್ಟರು.

"ಯಾರೂ ಇಲ್ಲ ಸಾರ್. ಇವಳಪ್ಪ ಸೇದ್ತಿದ್ರು, ಅದೂ ಬೀದಿಗೆ ಹೋಗಿ. ಅವರು ತೀರಿಕೊಂಡು ಎರಡು ತಿಂಗಳಾಯ್ತು." ಹಾಗೆನ್ನುತ್ತಲೇ ತಾಯಿಯ ಕಣ್ಣು ಮಡಿಲಲ್ಲಿ ಕೆಮ್ಮುತ್ತಿದ್ದ ಮೂರು ವರ್ಷದ ಮಗಳ ಮೇಲೆ ಬಿತ್ತು. ಅಪ್ಪನ ಒಗೆಯದ ಸ್ವೆಟರಿನ ತೋಳನ್ನು ಮಗು ಎಂದಿನಂತೆ ಚೀಪುತ್ತಿತ್ತು. ಆ ವಾಸನೆಯಿಲ್ಲದೆ ಅದಕ್ಕೆ ನಿದ್ದೆ ಹತ್ತುತ್ತಿರಲಿಲ್ಲ, ಅವಳಿಗೂ ಅಷ್ಟೇ.

"ಹೊಗೆ ಹೋದ್ರೂ ವಿಷ ಬಟ್ಟೇಲಿ ಉಳಿಯುತ್ತಮ್ಮ," ಎಂದರು ಡಾಕ್ಟರು ಮೆಲ್ಲಗೆ.

ಮನೆಗೆ ಬಂದವಳೇ ಬಕೆಟ್ಟಿನ ಬಿಸಿನೀರಿಗೆ ಸೋಪಿನ ಪುಡಿ ಹಾಕಿದಳು. ಸ್ವೆಟರಿಗೆ ಮುಖವೊತ್ತಿ ಒಮ್ಮೆ ಉಸಿರೆಳೆದುಕೊಂಡು, ಅದನ್ನು ಮುಳುಗಿಸಿದಳು. ನೀರು ನಿಧಾನವಾಗಿ ಹಳದಿಯಾಯಿತು.

"ಅಮ್ಮಾ, ಅಪ್ಪನ್ನ ಯಾಕೆ ಮುಳುಗಿಸ್ತಿದ್ದೀಯ?" ಎಂದಿತು ಬಾಗಿಲಲ್ಲಿ ನಿಂತ ಮಗು.

ಮೇಲಕ್ಕೆ ತೇಲಿಬಂದ ತೋಳನ್ನು ಅವಳು ಎರಡೂ ಕೈಯಿಂದ ಮತ್ತೆ ನೀರಿಗೆ ಒತ್ತಿದಳು.