ಪುನರ್ಜನ್ಮದ ಸ್ವೆಟರ್

ಅಂಗಡಿಯ ಒಡತಿ ಫೋನಿನ ಕಡೆ ತಲೆ ಬಗ್ಗಿಸುವವರೆಗೂ ಲೀಲಾವತಿಯವರು ಕಾದರು. ಆಮೇಲೆ ಶಾಲಿನ ಒಳಗಿನಿಂದ ಅವರ ಕೈ ಸರಕ್ಕನೆ ಸ್ವೆಟರುಗಳ ಸಾಲಿಗೆ ಹೋಯಿತು, ಅಷ್ಟೇ ಬೇಗ ಹಿಂದೆ ಬಂತು. ಬಟ್ಟೆಚೀಲದ ಜಿಪ್ ಮುಚ್ಚಿಕೊಂಡಿತು. ಕೇಂದ್ರ ಸರ್ಕಾರದ ಕಚೇರಿಯಲ್ಲಿ ಮೂವತ್ತು ವರ್ಷ ದುಡಿದು, ಒಂದು ಗುಂಡುಸೂಜಿಯನ್ನೂ ಮನೆಗೆ ತರದೆ ನಿವೃತ್ತರಾದ ಹೆಂಗಸು. ಈ ವಯಸ್ಸಿನಲ್ಲಿ ಇಂಥ ಕೆಲಸಕ್ಕೆ ಇಳಿದಿದ್ದರು.

ಎಲ್ಲ ಮಗನಿಗಾಗಿ. ಅನೀಶನಿಗೆ ಗುರುಗ್ರಾಮದ ಕಂಪನಿಯಲ್ಲಿ ಕೆಲಸ, ಅಲ್ಲೇ ಗೆಳೆಯರ ಜೊತೆ ವಾಸ. ಭಾನುವಾರ ದೆಹಲಿಯ ದ್ವಾರಕಾ ಬಡಾವಣೆಯ ಮನೆಗೆ ಊಟಕ್ಕೆ ಬಂದರೆ ತುತ್ತಿಗೊಂದು ಸಲ ಕೆಮ್ಮುತ್ತಿದ್ದ. ಚಿಕ್ಕಂದಿನಿಂದಲೂ ನೆಗಡಿಯ ಮೈ ಅವನದು. ಆದರೂ ಡಿಸೆಂಬರಿನ ದೆಹಲಿಯಲ್ಲಿ ತೆಳ್ಳನೆಯ ಅಂಗಿ ತೊಟ್ಟು ತಿರುಗುತ್ತಿದ್ದ. ಹೊಸ ಬಟ್ಟೆ ಕೊಳ್ಳುವುದು ಭೂಮಿತಾಯಿಗೆ ಬಗೆಯುವ ದ್ರೋಹ ಎಂದು ಅವನಿಗೆ ಈಚೆಗೆ ಜ್ಞಾನೋದಯವಾಗಿತ್ತು. ಫೋನನ್ನು ಮಾತ್ರ ವರ್ಷಕ್ಕೊಂದು ಹೊಸದು ಕೊಳ್ಳುತ್ತಿದ್ದ. ಅದಕ್ಕೆ ಭೂಮಿತಾಯಿಯ ಒಪ್ಪಿಗೆ ಇತ್ತೋ ಏನೋ.

ಹಳೆಯ ಬಟ್ಟೆಗೆ ಮನೆಯಲ್ಲೇನು ಬರವೆ? ಅಪ್ಪ ಶಂಕರಪ್ಪನವರ ಸ್ವೆಟರುಗಳು ಟ್ರಂಕಿನ ತುಂಬ ಇದ್ದವು. ಅವು ಬೇಡ, ಅವು ಬರೀ ಹಳೆಯವು. ಅಮ್ಮ ಹೆಣೆದುಕೊಟ್ಟದ್ದೂ ಬೇಡ. ಹಾವೇರಿಯಿಂದ ಬಂದ ಲೀಲಾವತಿಯವರು ಹೆಣಿಗೆ ಕಲಿತದ್ದೇ ಕಚೇರಿಯ ಹುಲ್ಲುಹಾಸಿನ ಮೇಲೆ, ಚಳಿಗಾಲದ ಮಧ್ಯಾಹ್ನ ಬಿಸಿಲು ಕಾಯಿಸುತ್ತ ಕೂರುತ್ತಿದ್ದ ಪಂಜಾಬಿ ಹೆಂಗಸರ ಪಕ್ಕದಲ್ಲಿ. ಹೋದ ವರ್ಷ ಅಮ್ಮ ಹೆಣೆದುಕೊಟ್ಟ ಸ್ವೆಟರನ್ನು ಮಗ ಎರಡು ಬೆರಳಿನಲ್ಲಿ ಎತ್ತಿ ಹಿಡಿದು ನೋಡಿದ್ದ.

"ಅಮ್ಮಾ, ಬುರಾ ಮತ್ ಮಾನ್ನಾ, ಬೇಜಾರು ಮಾಡ್ಕೋಬೇಡ. ಇದು ತುಂಬಾ ಹೋಮ್‌ಮೇಡ್ ಕಾಣತ್ತೆ."

ಲೀಲಾವತಿಯವರು ಅಚ್ಛಾ ಎಂದಷ್ಟೇ ಹೇಳಿ, ಅಡುಗೆಮನೆಗೆ ಹೋಗಿ ಅತ್ತಿದ್ದರು.

ಅವನು ಮೈಗೆ ಹಾಕುವುದು 'ಪುನರ್ಜನ್ಮ್' ಅಂಗಡಿಯದನ್ನು ಮಾತ್ರ. ದಕ್ಷಿಣ ದೆಹಲಿಯ ಗಲ್ಲಿಯೊಂದರ ಎರಡನೇ ಮಹಡಿ. ಯಾರೋ ಉಟ್ಟು ಬಿಟ್ಟ ಬಟ್ಟೆ ಅಲ್ಲಿ ಹೊಸದಕ್ಕಿಂತ ದುಬಾರಿ, ಮೊಣಕೈ ಹರಿದಿದ್ದರೆ ಇನ್ನೂ ದುಬಾರಿ. ಒಂದೊಂದಕ್ಕೂ ಒಂದು ಚೀಟಿ, ಚೀಟಿಯಲ್ಲಿ ಆ ಬಟ್ಟೆಯ ಜಾತಕ: ಯಾವ ಬೆಟ್ಟದ ಊರಿನದು, ಯಾವ ಕಾಲದ್ದು, ಮೊದಲ ಒಡೆಯ ಎಂಥ ರಸಿಕ. ಗಿರಾಕಿಗಳು ಬೆಲೆ ನೋಡುವ ಮೊದಲು ಮೂಸಿ ನೋಡುತ್ತಿದ್ದರು. ಲೀಲಾವತಿಯವರು ಮೊದಲ ಸಲ ಬಂದಾಗ ತೇಪೆ ಹಾಕಿದ ಒಂದು ಸ್ವೆಟರಿನ ಬೆಲೆ ಓದಿ, ಇದನ್ನು ಕೊಂಡರೆ ಶಂಕರಪ್ಪನವರು ನನ್ನನ್ನೇ ಇಲ್ಲಿ ನೇತುಹಾಕಿ ಹೋಗುತ್ತಾರೆ ಅಂದುಕೊಂಡಿದ್ದರು. ಇದು ದುಡ್ಡು ಕೊಟ್ಟು ಆಗುವ ಕೆಲಸವಲ್ಲ ಎಂದು ಅವತ್ತೇ ತೀರ್ಮಾನವಾಯಿತು. ಒಡತಿಯ ಕಣ್ಣು ಯಾವ ಮೂಲೆಗೆ ಬೀಳುವುದಿಲ್ಲ ಎಂದು ನೋಡಿಕೊಂಡು ಹೋಗಿದ್ದರು.

ಈಗ ಬಾಗಿಲು ದಾಟಿದರೆ ಮುಗಿಯಿತು.

"ಆಂಟಿಜಿ, ಒಂದು ನಿಮಿಷ."

ಒಡತಿ ಕೌಂಟರಿನಿಂದ ಎದ್ದು ಬರುತ್ತಿದ್ದಳು. ಪೊಲೀಸು, ಸೊಸೈಟಿಯ ವಾಟ್ಸ್ಯಾಪ್ ಗುಂಪು, ಕನ್ನಡ ಸಂಘದ ಯುಗಾದಿ ಊಟದಲ್ಲಿ ತನ್ನ ಪಕ್ಕ ಖಾಲಿ ಬಿದ್ದ ಕುರ್ಚಿ, ಎಲ್ಲ ಕಣ್ಣ ಮುಂದೆ ಬಂದವು. ಅಷ್ಟರಲ್ಲಿ ಮೆಟ್ಟಿಲ ಮೇಲೆ ಕೆಮ್ಮು ಕೇಳಿಸಿತು. ಆ ಕೆಮ್ಮು ಯಾರದೆಂದು ಅವರಿಗೆ ಯಾರೂ ಹೇಳಬೇಕಾಗಿರಲಿಲ್ಲ. ಪೊಲೀಸರಾದರೂ ಹಿಡಿಯಲಿ, ಮಗನ ಕಣ್ಣಿಗೆ ಬೀಳಬಾರದು. ಲೀಲಾವತಿಯವರು ಬಟ್ಟೆ ತೊಟ್ಟು ನೋಡುವ ಕೋಣೆಗೆ ನುಗ್ಗಿ ಪರದೆ ಎಳೆದುಕೊಂಡರು.

ಸಂದಿಯಲ್ಲಿ ಅನೀಶ ಕಾಣಿಸಿದ. ಹ್ಯಾಂಗರುಗಳನ್ನು ಒಂದೊಂದಾಗಿ ಸರಿಸುತ್ತ ಬಂದು, ಮಾಸಿದ ಹಸಿರಿನ ದಪ್ಪ ಸ್ವೆಟರೊಂದರ ಮುಂದೆ ನಿಂತ. ಮೂಸಿದ. ಮತ್ತೊಮ್ಮೆ ಮೂಸಿದ. ಇದಕ್ಕೆ ಚೀಟಿಯೇ ಇಲ್ಲವಲ್ಲ ಎಂದು ಕೇಳಿದ.

ಇವತ್ತಷ್ಟೇ ಬಂದದ್ದು ಎಂದಳು ಒಡತಿ. ಶಿಮ್ಲಾ ಕಡೆಯ ಕರ್ನಲ್ ಒಬ್ಬರದು, ಅವರು ಗಡಿಯಲ್ಲಿದ್ದಾಗ ಹೆಂಡತಿ ದೀಪದ ಬೆಳಕಿನಲ್ಲಿ ಹೆಣೆದದ್ದು ಎಂದು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದಳು. ಅನೀಶ ಕಣ್ಣು ಮುಚ್ಚಿ ತಲೆದೂಗಿದ. ಮೂರೂವರೆ ಸಾವಿರ ಕೊಟ್ಟು ಅಲ್ಲೇ ತೊಟ್ಟುಕೊಂಡ. ತೋಳು, ಭುಜ, ಕುತ್ತಿಗೆ ಎಲ್ಲ ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತವು. ಇಂಥ ಕೈಕೆಲಸ ಈಗಿನ ಕಾಲದವರಿಗೆ ಎಲ್ಲಿ ಬರಬೇಕು ಎಂದು ಫೋನಿನಲ್ಲಿ ಯಾರಿಗೋ ಹಿಂದಿಯಲ್ಲಿ ಹೇಳುತ್ತ ಇಳಿದುಹೋದ.

ಒಡತಿ ಪರದೆ ಸರಿಸಿದಳು. ಅವಳ ದೃಷ್ಟಿ ಚೀಲದ ಮೇಲಿತ್ತು.

"ಅದರಲ್ಲಿ ಇನ್ನೇನಿದೆ, ಆಂಟಿಜಿ?"

ಲೀಲಾವತಿಯವರು ಜಿಪ್ ಎಳೆದು ಚೀಲವನ್ನು ಬಗ್ಗಿಸಿ ತೋರಿಸಿದರು. ಏನೂ ಇರಲಿಲ್ಲ. ತಳದಲ್ಲಿ ಒಂದು ನುಸಿಗುಳಿಗೆ ಮಾತ್ರ ಉರುಳಾಡಿತು.

ಇನ್ನು ಮುಚ್ಚಿಟ್ಟು ಫಲವಿರಲಿಲ್ಲ. ಆ ಹಸಿರು ಸ್ವೆಟರು ಕರ್ನಲ್ಲರದಲ್ಲ, ದೀಪಾವಳಿಯಿಂದ ಕೂತು ಹೆಣೆದವಳು ನಾನು ಎಂದು ಲೀಲಾವತಿಯವರು ತಲೆ ತಗ್ಗಿಸಿ ಒಪ್ಪಿಕೊಂಡರು. ಹಳೆಯದಾಗಿ ಕಾಣಲೆಂದು ಒಗೆದು ಒಗೆದು ಬಣ್ಣ ಇಳಿಸಿದ್ದರು. ಒಂದು ಗುಂಡಿ ಕಿತ್ತು ಬೇರೆ ಬಣ್ಣದ್ದು ಹಾಕಿದ್ದರು. ವಾಸನೆ ಹಿಡಿಯಲೆಂದು ನುಸಿಗುಳಿಗೆಯ ಜೊತೆ ಕಟ್ಟಿಟ್ಟಿದ್ದರು. ಇಲ್ಲಿ ಕದ್ದುಮುಚ್ಚಿ ತೂಗುಹಾಕಿದ್ದು ತಪ್ಪೇ, ಆದರೆ ಈಗ ಕೊಂಡುಹೋದವನು ನನ್ನ ಮಗ ಎಂದರು. ನಾಚಿಕೆಗಿಂತ ಸಂತೋಷವೇ ಹೆಚ್ಚಾಗಿತ್ತು. ಕೊನೆಗೂ ಅವನ ಎದೆ ಬೆಚ್ಚಗಿತ್ತು.

"ಅದಕ್ಕೆ ಕಳ್ಳರ ಹಾಗೆ ಯಾಕೆ ಬರ್ತೀರಿ?" ಎಂದಳು ಒಡತಿ. "ಬೇರೆ ಅಮ್ಮಂದಿರೆಲ್ಲ ಕೌಂಟರಿನಲ್ಲೇ ಕೊಟ್ಟು, ಮಕ್ಕಳ ಫೋಟೋ ತೋರಿಸಿ ಹೋಗ್ತಾರೆ; ಈ ಅಂಗಡಿ ನಡೀತಿರೋದೇ ಅದರ ಮೇಲೆ."